ಲೀಟರ್, ಕೇಜಿ ಮತ್ತು ಬೀಗತಿ

ಬೇಗಂ ಬಜಾರಿನಲ್ಲಿ ಅಂಗಡಿ ಇಟ್ಟವನಿಗೆ ತೂಕದ ತಕರಾರು ಬೆಳಗಿನ ಚಹಾ ಇದ್ದ ಹಾಗೆ. ಒಂದಾದರೂ ಆಗದೆ ದಿನ ಶುರುವಾಗುವುದಿಲ್ಲ. ಎಣ್ಣೆ, ಬೆಲ್ಲ, ಕರ್ಪೂರ ಮಾರುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಗಿರಾಕಿ ಎಷ್ಟೇ ಕೂಗಾಡಲಿ, ನನ್ನ ತಲೆ ಕೆಡುವುದಿಲ್ಲ.

ಕೆಟ್ಟಿದ್ದು ಮಗಳಿಗೆ ಗಂಡು ನೋಡುವಾಗ. ಹುಡುಗ ಸಿಕಂದರಾಬಾದಿನವನು, ರೈಲ್ವೆ ನೌಕರಿ, ನಮ್ಮ ಕಡೆಯ ಮಂದಿಯೇ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ತಂದೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು, ಎಲ್ಲರ ಬಾಯಲ್ಲೂ 'ಸರ್'; ಅವರೂ ಒಪ್ಪಿದ್ದರು. ಉಳಿದವರು ಒಬ್ಬರೇ, ಹುಡುಗನ ತಾಯಿ. ಅವರದು ಒಂದೇ ಪ್ರಶ್ನೆ: "ಕಿರಾಣಿ ಮಂದಿ, ತೂಕದಾಗ ಖರೆ ಇರ್ತಾರೇನು?"

ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಹೂರ್ತದ ಮಾತಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟರು.

೧. ಎಣ್ಣೆ

ಮೊದಲು ಐದು ಲೀಟರ್ ಶೇಂಗಾ ಎಣ್ಣೆಗೆ ಹೇಳಿ ಕಳಿಸಿದರು. ಪರೀಕ್ಷೆ ಎಂದು ನನಗೆ ಗೊತ್ತಾಯಿತು. ನಮ್ಮಲ್ಲಿ ಬಿಡಿ ಎಣ್ಣೆ ಕೇಜಿ ಲೆಕ್ಕದಲ್ಲಿ ಹೋಗುತ್ತದೆ. ಆದರೆ ಅವರು ಲೀಟರ್ ಅಂದಿದ್ದರಲ್ಲ, ನಾನೇ ನಿಂತು ಲೀಟರ್ ಮಾಪಿನಿಂದ ಐದು ಸಲ ತುಂಬಿ ತುಳುಕಿಸಿ ಡಬ್ಬಿಗೆ ಸುರಿಸಿದೆ.

ಮರುದಿನ ಬೆಳಿಗ್ಗೆ ನನ್ನ ಹೆಂಡತಿಗೆ ಫೋನು. "ವೈನೀ, ಮನ್ಯಾಗ ತೂಗಿ ನೋಡಿದೆ. ಐದು ಇರಬೇಕಾಗಿತ್ತು, ನಾಕೂವರಿ ಮ್ಯಾಲೆ ಚೂರು ಐತಿ."

ನನ್ನಾಕೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. "ಮಗಳ ಮದುವಿ ಐತಿ, ಇದೊಂದು ಸಲ ಆದ್ರೂ ಕೈ ಸಡಿಲ ಬಿಡಬಾರದಾಗಿತ್ತೇನ್ರಿ?"

ಹೊರಗಿನವರ ಅನುಮಾನ ಸಹಿಸಬಹುದು. ಇವಳದೂ ಸೇರಿದ ಮೇಲೆ ನನಗೇ ನನ್ನ ಮೇಲೆ ಅನುಮಾನ ಬಂತು. ಅಷ್ಟರಲ್ಲಿ ಆ ಕಡೆ ಸರ್ ಫೋನು ಇಸಿದುಕೊಂಡು ಬಿಡಿಸಿ ಹೇಳತೊಡಗಿದರು. "ಎಣ್ಣಿ ನೀರಿಗಿಂತ ಹಗುರ ಇರತೈತ್ರಿ. ಲೀಟರ್ ಅಂದ್ರ ಅದು ಹಿಡಿಯೋ ಜಾಗ. ಕೇಜಿ ಅಂದ್ರ ಆ ಜಾಗದಾಗಿರೋ ದ್ರವ್ಯ. ಸಾವಕಾರ್ರು ಜಾಗಾ ಬರೋಬರಿ ಕೊಟ್ಟಾರ."

ಹಿಂದಿನಿಂದ ಅವರ ಹೆಂಡತಿಯ ದನಿ ಸ್ಪಷ್ಟ ಕೇಳಿಸಿತು. "ಜಾಗದಾಗ ಪೂರಿ ಕರಿಯಾಕ ಬರತೈತೇನ್ರಿ?"

೨. ಕರ್ಪೂರ

ಕೆಟ್ಟ ಹೆಸರು ತೊಳೆಯಬೇಕಲ್ಲ. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಎಂದು ತಿಳಿದು ಅರ್ಧ ಕೇಜಿ ಶುದ್ಧ ಕರ್ಪೂರ ಕಳಿಸಿದೆ. ದಾನ ಅಲ್ಲ, ಸಂಬಂಧವೂ ಒಂದು ವ್ಯಾಪಾರವೇ; ಮೊದಲು ಸ್ವಲ್ಪ ಸುರಿಯಬೇಕು.

ನನ್ನ ನಸೀಬಿಗೆ ಅವರ ದಾಯಾದಿಗಳಲ್ಲಿ ಯಾರೋ ತೀರಿಕೊಂಡರು. ಸೂತಕ ಬಂದು ಪೂಜೆ ಮುಂದೆ ಹೋಯಿತು. ಕರ್ಪೂರ ಕಾಗದದ ಪೊಟ್ಟಣದಲ್ಲೇ ಒಲೆಯ ಮೇಲಿನ ಹಲಗೆಯ ಮೇಲೆ ಉಳಿಯಿತು. ಬೇಸಿಗೆ ಬೇರೆ. ಕೊನೆಗೆ ಪೂಜೆಯ ದಿನ ಬಿಚ್ಚಿ ನೋಡಿದರೆ ಅರ್ಧದಷ್ಟೂ ಇಲ್ಲ! ಆಯಮ್ಮ ಪುರೋಹಿತರ ಎದುರಿಗೇ ತೂಗಿದರಂತೆ.

ಮರುದಿನ ಸರ್ ಅಂಗಡಿಗೆ ಬಂದರು, ಮುಖ ಸಣ್ಣದು ಮಾಡಿಕೊಂಡು.

"ಸಾವಕಾರ್ರ, ನಿಮ್ಮ ತಪ್ಪಿಲ್ಲ. ಕರ್ಪೂರ ಕರಗಿ ನೀರಾಗೂದಿಲ್ಲ, ಗಟ್ಟಿ ಇದ್ದದ್ದು ನೆಟ್ಟಗ ಗಾಳಿ ಆಗಿ ಹೋಗತೈತಿ. ಅದರ ಗುಣಾನೇ ಹಂಗ."

"ಮನ್ಯಾಗ ಹೇಳಿದ್ರೇನ್ರಿ?"

"ಹೇಳಿದೆ."

"ಏನಂದ್ರು?"

ಸರ್ ಕನ್ನಡಕ ಒರೆಸಿಕೊಂಡರು. "'ಕಳಿಸಿದ ಸಾಮಾನು ಗಾಳಿ ಆಗಿ ಹೋಗೋ ಮನಿಯಿಂದ ಹುಡುಗೀನ ತಂದ್ರ, ಶ್ರಾವಣದ ಹೊತ್ತಿಗೆ ಆಕಿ ಎಷ್ಟು ಉಳೀತಾಳ?' ಅಂದ್ಲು."

೩. ಬಿಸಿ

ಸಂಬಂಧ ಜಾರುತ್ತಿದೆ ಅನ್ನಿಸಿ ಅವರನ್ನು ಮನೆಗೆ ಕರೆದೆವು. ಸರ್ ಚಹಾ ಕುಡಿಯುತ್ತ ಕುಡಿಯುತ್ತ ಪಾಠಕ್ಕಿಳಿದರು. "ವೈನೀ, ಒಂದು ಕಪ್ಪು ಸುಡೋ ಚಹಾ, ಒಂದು ಬಕೆಟ್ ಉಗುರುಬೆಚ್ಚಗಿನ ನೀರು. ಶಾಖ ಎದರಾಗ ಜಾಸ್ತಿ ಐತಿ?"

"ಚಹಾದಾಗ," ಅಂದಳು ನನ್ನಾಕೆ.

"ತಪ್ಪು. ಬಕೆಟ್ಟಿನಾಗ. ಎಷ್ಟು ಸುಡತೈತಿ ಅನ್ನೂದು ಬ್ಯಾರೆ, ಒಳಗ ಎಷ್ಟು ಶಾಖ ತುಂಬೈತಿ ಅನ್ನೂದು ಬ್ಯಾರೆ."

ನನಗೆ ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ನನ್ನಾಕೆ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಮುಂದಿನ ಸಲ ಅವರು ಬಂದಾಗ ಕಪ್ಪು ಬಸಿ ಯಾವುದೂ ಹೊರಗೆ ಬರಲಿಲ್ಲ. ಒಬ್ಬೊಬ್ಬರ ಮುಂದೆ ಒಂದೊಂದು ತಂಬಿಗೆ ಚಹಾ!

ಹುಡುಗನ ತಾಯಿ ತಂಬಿಗೆಗೆ ಬೆರಳು ತಾಗಿಸಿ ನೋಡಿದರು. "ಇದು ಆರೈತಲ್ರಿ?"

"ಆರಿದ್ರೇನಾತ್ರಿ? ಶಾಖ ಇದರಾಗ ಜಾಸ್ತಿ ಐತಿ. ನಿಮ್ಮ ಯಜಮಾನ್ರೇ ಹೇಳ್ಯಾರ," ಅಂದಳು ನನ್ನಾಕೆ, ಹೆಮ್ಮೆಯಿಂದ.

ಹೇಳಿದ್ದನ್ನು ಮನೆಗೆ ಹೋಗಿ ಮಾಡಿ ತೋರಿಸಿದ ವಿದ್ಯಾರ್ಥಿ ಸರ್‌ಗೆ ಆವರೆಗೆ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ತಂಬಿಗೆ ಎತ್ತಿ ತಳ ಕಾಣುವವರೆಗೆ ಕುಡಿದರು. ಅವರ ಹೆಂಡತಿ ಕಣ್ಣರಳಿಸಿ ನೋಡುತ್ತಿದ್ದರು. "ಮನ್ಯಾಗ ನಾ ಚೂರು ಆರಿದ್ದು ಕೊಟ್ರ ಊರೆಲ್ಲ ಕೇಳೂಹಂಗ ಕೂಗ್ತೀರಿ. ನಾಳಿಯಿಂದ ನಿಮಗ ಬಕೆಟ್ಟೇ."

೪. ಬೆಲ್ಲ

ಮೈತೂಕದ ಬೆಲ್ಲ ದೇವರಿಗೆ ಕೊಡುವ ಹರಕೆ ತೆಲಂಗಾಣದಲ್ಲಿ ಮನೆಮನೆಗೂ ಉಂಟು. ಮಗನಿಗೆ ನೌಕರಿ ಸಿಕ್ಕಾಗ ಆ ತಾಯಿಯೂ ಹೊತ್ತಿದ್ದರು. ಅದನ್ನು ನನ್ನ ಅಂಗಡಿಯಲ್ಲೇ ತೂಗಿಸುತ್ತೇನೆ ಎಂದರು. ಬೆಲ್ಲಕ್ಕೆ ದುಡ್ಡು ಬೇಡ ಅಂದೆ. "ತೂಕ ಬರೋಬರಿ ಬಂದ್ರ ಮದುವಿ ಮಾತು. ಇಲ್ಲಾಂದ್ರ ಬ್ಯಾರೆ ಕಡೆ ನೋಡ್ತೀವಿ."

ಹುಡುಗ ಎಲೆಕ್ಟ್ರಾನಿಕ್ ಕಾಟಾ ಹತ್ತಿದ. ಎಪ್ಪತ್ತು ತೋರಿಸಿತು.

"ಮನ್ಯಾಗಿನ ಮಷೀನಿನ್ಯಾಗ ಎಪ್ಪತ್ಮೂರು ಇದ್ದ! ಇವರ ಅಂಗಡ್ಯಾಗ ಕಾಲಿಟ್ಟ ಕೂಡ್ಲೆ ನನ್ನ ಮಗನೂ ಕಮ್ಮಿ ಆದ!"

ಸರ್ ಸಮಾಧಾನ ಹೇಳಹೋದರು. "ತೂಕ ಅನ್ನೂದು ಜಾಗದ ಮ್ಯಾಲೆ ಐತಿ. ಇವನೇ ಚಂದ್ರನ ಮ್ಯಾಲೆ ಹೋದ್ರ ಹನ್ನೆರಡು ಕೇಜಿನೂ ತೋರ್ಸೂದಿಲ್ಲ."

"ಅಲ್ಲೂ ಇವರದೇ ಅಂಗಡಿ ಐತೇನು?"

ನಾನು ವಾದಕ್ಕೆ ಹೋಗಲಿಲ್ಲ. ಗೋದಾಮಿನಿಂದ ಅಪ್ಪನ ಕಾಲದ ದೊಡ್ಡ ತಕ್ಕಡಿ ತರಿಸಿ ತೊಲೆಗೆ ತೂಗುಹಾಕಿಸಿದೆ. ಎರಡು ತಟ್ಟೆ, ಮೇಲೆ ಅಡ್ಡ ಒಂದು ದಂಡಿಗೆ; ಅದರಲ್ಲಿ ಅಂಕಿಯೇ ಇಲ್ಲ, ಜಗಳ ಯಾತಕ್ಕೆ? ಈ ತಟ್ಟೆಯಲ್ಲಿ ಹುಡುಗ, ಆ ತಟ್ಟೆಯಲ್ಲಿ ಬೆಲ್ಲ. ದಂಡಿಗೆ ನೇರ ನಿಂತಿತು.

"ತಟ್ಟಿ ಅದಲುಬದಲು ಮಾಡ್ರಿ," ಅಂದರು ತಾಯಿ. ಶಾಣ್ಯಾ ಹೆಂಗಸು! ತಕ್ಕಡಿಯಲ್ಲಿ ಮೋಸವಿದ್ದರೆ ಹಾಗೆ ಮಾಡಿದರೇ ಸಿಕ್ಕಿಬೀಳುವುದು.

ಬೆಲ್ಲದ ಮುದ್ದೆಗಳನ್ನು ಹಮಾಲರು ಆ ತಟ್ಟೆಯಿಂದ ಈ ತಟ್ಟೆಗೆ ಸಾಗಿಸುವಷ್ಟರಲ್ಲಿ ನನ್ನಾಕೆ ಬೀಗರ ಸತ್ಕಾರಕ್ಕೆಂದು ಚಹಾ ತಂದಳು. ಅದೇ ತಂಬಿಗೆ. ಆಗಬೇಕಾದ ಅತ್ತೆಯ ಕೈಯದು, ಬೇಡ ಅನ್ನಲಾರದೆ ಹುಡುಗ ಪೂರ್ತಿ ಕುಡಿದು ತಟ್ಟೆ ಹತ್ತಿದ.

ಅವನ ತಟ್ಟೆ ಧಡ್ ಅಂತ ಕೆಳಗೆ ಇಳಿಯಿತು.

"ನೋಡ್ರಿ! ನಾ ಹೇಳಿಲ್ಲೇನು?"

ದಂಡಿಗೆ ನೋಡಿದೆ, ಸರಪಳಿ ನೋಡಿದೆ, ತಟ್ಟೆಯ ತಳ ತಡವಿದೆ. ಸರ್ ಬಗ್ಗಿ ಬಗ್ಗಿ ನೋಡಿ, "ಪ್ರಯೋಗದಾಗ ಏನೋ ದೋಷ ಐತಿ," ಅಂದರು. ನನ್ನಾಕೆ ಸೆರಗಿನಿಂದ ಕಣ್ಣೊರೆಸತೊಡಗಿದಳು.

ಹುಡುಗ ಮೆಲ್ಲಗೆ ಅಂದ, "ಅಪ್ಪಾ... ಚಹಾ."

ಸರ್ ಒಮ್ಮೆಲೇ ಎಗರಿದರು. "ಹೌದಲ್ಲ! ದ್ರವ್ಯ ಎಲ್ಲೂ ಹೋಗೂದಿಲ್ಲ! ತಂಬಿಗ್ಯಾಗಿದ್ದದ್ದು ಈಗ ಇವನೊಳಗ ಐತಿ!"

ತಾಯಿ ಖಾಲಿ ತಂಬಿಗೆ ಎತ್ತಿ ಹಿಂದೆ ಮುಂದೆ ನೋಡಿದರು. "ಎಷ್ಟು ಹಿಡೀತೈತ್ರಿ ಇದು?"

"ಒಂದು ಲೀಟರ್," ಅಂದಳು ನನ್ನಾಕೆ.

"ಅಂದ್ರ ಕೇಜಿಗೆ ಕಮ್ಮಿ. ಎಣ್ಣ್ಯಾಗ ಕಲ್ತೀನಿ ನಾ."

"ಎಣ್ಣೀಗೆ ಕಮ್ಮಿ. ಚಹಾ ಅಂದ್ರ ನೀರಿನ ಲೆಕ್ಕ, ಒಂದು ಲೀಟರಿಗೆ ಒಂದು ಕೇಜಿ," ಅಂದರು ಸರ್.

ಆಯಮ್ಮ ನಂಬಲಿಲ್ಲ. ಎಲೆಕ್ಟ್ರಾನಿಕ್ ಕಾಟಾದಲ್ಲಿ ಒಂದು ಕೇಜಿ ಬೆಲ್ಲ ತೂಗಿಸಿ, ತಾವೇ ಬೆಲ್ಲದ ತಟ್ಟೆಗೆ ಇಟ್ಟರು. ದಂಡಿಗೆ ನೇರ ನಿಂತಿತು. ಆಯಮ್ಮ ನನ್ನ ಕಡೆ ತಿರುಗಿದರು.

"ಇದ್ದದ್ದು ಕಮ್ಮಿ ಮಾಡೋ ಮಂದಿ ಅಂತ ತಿಳ್ಕೊಂಡಿದ್ದೆ. ಕಣ್ಣ ಮುಂದ ನನ್ನ ಮಗನ್ನ ಒಂದು ಕೇಜಿ ಹೆಚ್ಚು ಮಾಡಿದ್ರಿ. ಮುಹೂರ್ತ ನೋಡ್ರಿ ಬೀಗರ!"

ಹುಡುಗ ಮೊಣಕಾಲು ಬಿಗಿ ಹಿಡಿದುಕೊಂಡಿದ್ದ. "ಅವ್ವಾ, ನಾ ಚೂರು ಇಳೀಲ್ಯಾ? ಭಾಳ ಅರ್ಜೆಂಟ್ ಐತಿ."

ತಾಯಿ ಅವನ ಹೆಗಲು ಅದುಮಿ ಕೂಡಿಸಿದರು. "ಸುಮ್ನ ಕೂಡು! ಬೆಲ್ಲ ಚೀಲಕ್ಕ ಬೀಳೂತನಕ ಇಳೀಬ್ಯಾಡ. ನೀ ಹೋಗಿ ಬಂದ್ರ ಒಂದು ಕೇಜಿ ಇವರಿಗೆ ವಾಪಸ್ ಕೊಡಬೇಕಾಗತೈತಿ."