ಹದಿನಾಲ್ಕು ಅಂಕಿಯ ಮಾಲೀಕ

ಸೊನ್ನಲಿಗೆಯ ಸಿದ್ಧರಾಮನಿಗೆ ಶರಣು, ಅಕ್ಕಲಕೋಟದ ಸಮರ್ಥರಿಗೆ ಶರಣು. ಎಣಿಕೆಗೆ ಸಿಗದವನ ಪಾದಕ್ಕೆ ತಲೆಬಾಗಿ, ಎಣಿಕೆಗೆ ಸಿಕ್ಕ ಒಂದು ಹೊಲದ ಸಂಗತಿ ನಿವೇದಿಸುತ್ತೇನೆ.

ದುಧನಿ ಹತ್ತಿರ ನನ್ನ ನೆರೆಯ ಕಲ್ಯಾಣಪ್ಪನ ಹೊಲಕ್ಕೆ ಭೂಸಂಖ್ಯಾ ಕಚೇರಿಯು ಹೋದ ವರ್ಷ ೬೭೨೮೦೪೨೧೩೧೦೭೨೧ ಎಂಬ ಸಂಖ್ಯೆಯನ್ನು ದಯಪಾಲಿಸಿದೆ. ಇದು ಪೂರ್ಣಾಂಕ. ಇದರಲ್ಲಿ ಯಾರ ತಪ್ಪೂ ಇಲ್ಲ.

ಗಂಡ ತೀರಿದ ಮೇಲೆ ಅವನ ತಂಗಿ ನಂದಾ ಹೋಟಗಿಯಿಂದ ತವರಿಗೆ ಬಂದಳು. ಅಪ್ಪನ ಹೊಲದಾಗ ತನ್ನ ಪಾಲು ಪಡೆದು, ಒಂದು ತಗಡಿನ ಪತ್ರಾದ ಮನಿ ಹಾಕಿಕೊಂಡು, ತೊಗರಿ ಬಿತ್ತಿ ಬದುಕಬೇಕೆಂದು ಅವಳ ಆಸೆ. ಅಣ್ಣ ಸಂತೋಷದಿಂದ ಒಪ್ಪಿದ. ಇಬ್ಬರೂ ಕಚೇರಿಗೆ ಹೋದರು. ಜೊತೆಗೆ ನಾನೂ ಹೋದೆ.

ಅಲ್ಲಿಯ ಅಮೋಗಸಿದ್ಧ ಸಾಹೇಬರು ಹಣೆತುಂಬ ವಿಭೂತಿ ಧರಿಸುವ ಸಜ್ಜನರು. ನಿಯಮ ಓದಿದರು: “ಮೂಲ ಸಂಖ್ಯೆಯನ್ನು ವಾರಸುದಾರರ ಸಂಖ್ಯೆಯಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಪ್ರತಿ ಪಾಲಿಗೂ ನೀಡತಕ್ಕದ್ದು. ಶೇಷ ಉಳಿಯತಕ್ಕದ್ದಲ್ಲ.” ಆಮೇಲೆ ಕನ್ನಡಕ ತೆಗೆದು, “ಕಡೀಕ ಒಂದು ಅದ ನೋಡ್ರಿ. ಬೆಸ ಸಂಖ್ಯೆ. ಇಬ್ಬರಿಗೆ ಆಗಂಗಿಲ್ಲ” ಎಂದರು.

“ಸಾಹೇಬ್ರ, ಪಾಲು ಮಾಡೂದು ಹೊಲಾರೀ, ನಂಬರ್ ಅಲ್ಲ” ಅಂದಳು ನಂದಾ.

“ಅಕ್ಕಾರ, ಹೊಲ ಹೊಲದಾಗ ಅದ. ನಮ್ಮ ಕಡೆ ಇರೂದು ನಂಬರ್ ಅಷ್ಟೇ.”

ಅವ್ವ ನೀಲಾಬಾಯಿಯನ್ನು ಸೇರಿಸಿದರು. ಮೂವರಾದರೆ ಎರಡು ಶೇಷ. ಕಾಕಾನನ್ನು, ಕಾಕಾನ ಮಕ್ಕಳನ್ನು, ಕಡೆಗೆ ಟೆಂಪೋ ಮಾಡಿಕೊಂಡು ದಾಯಾದಿಗಳ ಇಡೀ ಭಾವಕಿಯನ್ನೇ ತಂದು ನಿಲ್ಲಿಸಿದರು. ಪ್ರತಿ ಸಲವೂ ಏನಾದರೂ ಉಳಿಯಿತು. ಕೊನೆಗೆ ಕಚೇರಿಯು ಸೊಲ್ಲಾಪುರದ ಗಣಿತ ಪ್ರಾಧ್ಯಾಪಕರೊಬ್ಬರಿಂದ ಅಭಿಪ್ರಾಯ ತರಿಸಿತು: ಇದು ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತಾನು, ಇವೆರಡರಿಂದ ಮಾತ್ರ ಭಾಗವಾಗುತ್ತದೆ.

ನನಗೆ ಕಣ್ಣು ತುಂಬಿ ಬಂತು. “ಆ ಒಂದು ಅಂದ್ರ ಪರಮಾತ್ಮನರಿ. ಅವನ ಹೆಸರಿಗೆ ಬರೀರಿ” ಎಂದೆ.

“ಅವರ ಆಧಾರ್ ಕಾರ್ಡ್ ತಂದೀರೇನು?”

ತಂದಿರಲಿಲ್ಲ.

“ಹಂಗಾರ ಆ ಒಂದು ನಮ್ಮ ನಂದಾನ ಹೆಸರಿಗೇ ಮಾಡ್ರಿ” ಅಂದ ಕಲ್ಯಾಣಪ್ಪ.

“ಮತ್ತ ನಿಮಗ ಅನ್ಯಾಯ ಆಗ್ತದಲ್ರೀ. ಅನ್ಯಾಯ ಈ ಕಚೇರಿಯಾಗ ನಡಿಯಂಗಿಲ್ಲ.”

ಉಳಿದದ್ದು ‘ತಾನು’. ಆದಕಾರಣ ಸಾತಬಾರಾ ಉತಾರದ, ಅಂದರೆ ಹೊಲದ ಪಹಣಿಯ, ಮಾಲೀಕರ ಕಾಲಂನಲ್ಲಿ ಸದರಿ ಸಂಖ್ಯೆಯನ್ನೇ ನಮೂದಿಸಲಾಯಿತು. ಹುಟ್ಟಿ ವರ್ಷವೂ ತುಂಬದ ಕಾರಣ ಅದು ಅಪ್ರಾಪ್ತ. ಪಾಲಕರನ್ನಾಗಿ ಅಮೋಗಸಿದ್ಧ ಸಾಹೇಬರು ತಮ್ಮನ್ನೇ ನೇಮಿಸಿಕೊಂಡರು. ಅಷ್ಟು ಮೃದು ಹೃದಯದವರು ಆ ಕಚೇರಿಯಲ್ಲಿ ಬೇರೆ ಇರಲಿಲ್ಲ.

ಈ ಸಲದ ತೊಗರಿ ಪಾಲಕರ ಮನೆಗೆ ಹೋಯಿತು, ಕೂಸಿನ ಖರ್ಚಿಗೆ. ನಂದಾ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ.

“ನನ್ನ ಪಾಲು ಯಾವಾಗ್ರೀ ಸಾಹೇಬ್ರ?”

“ಅದಕ್ಕ ಹದಿನೆಂಟು ತುಂಬಲಿ ಅಕ್ಕಾರ. ಆಮ್ಯಾಲ ನೀವಾತು, ಅದಾತು. ನಾ ನಡು ಬರಂಗಿಲ್ಲ.”

ಮೊನ್ನೆ ಸಂಖ್ಯೆಯ ಹುಟ್ಟುಹಬ್ಬ. ಬದುವಿನ ಮೇಲೆ ಅದನ್ನು ಬರೆದು ನಿಲ್ಲಿಸಿದ ಫಲಕಕ್ಕೆ ಊರ ಹಿರಿಯರು ಟಾವೆಲ್ ಹೊದಿಸಿ, ಟೋಪಿ ಇಟ್ಟು ಆಹೇರ ಮಾಡಿದರು. ಪೇಢೆ ಹಂಚಿದರು. ನಂದಾ ಆರತಿ ಬೆಳಗಿ, ಆ ಹದಿನಾಲ್ಕೂ ಅಂಕಿಗಳ ಮೇಲೆ ಕೈಯಾಡಿಸಿ ಲಟಿಕೆ ಮುರಿದಳು. “ಜಲ್ದಿ ದೊಡ್ಡಾಂವ ಆಗೋ ನನ್ನಪ್ಪಾ” ಅಂದಳು.

ನಾವೆಲ್ಲ ಅಕ್ಷತೆ ಹಾಕಿದೆವು.

ಇದನ್ನು ಕೇಳಿದ ನಿಮಗೆಲ್ಲ ಆ ಸ್ವಾಮಿ ಆಯುರಾರೋಗ್ಯ ಕೊಡಲಿ. ನಿಮ್ಮ ಹೊಲಗಳಿಗೆ ಸಮಸಂಖ್ಯೆ ಕೊಡಲಿ.