ಗೇಟಿನ ಕೆಳಗಿನ ತಿರುವಿನ ಬಂಡೆಯವರಿಗೆ

ಮಾನ್ಯ ಬಂಡೆಯವರೇ,

ಮೊದಲು ತಮ್ಮ ಯೋಗಕ್ಷೇಮ ವಿಚಾರಿಸುವುದು ಪತ್ರ ಬರೆಯುವವನ ಮರ್ಯಾದೆ. ಆದರೆ ತಾವು ನಿನ್ನೆ ಹೇಗಿದ್ದಿರೋ ಇಂದೂ ಹಾಗೆಯೇ ಇರುವಿರೆಂಬುದನ್ನು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿ ಖಚಿತಪಡಿಸಿಕೊಂಡಿರುವುದರಿಂದ, ಆ ಭಾಗವನ್ನು ಬಿಟ್ಟು ನೇರವಾಗಿ ನನ್ನ ಗೌರವವನ್ನು ಸಲ್ಲಿಸುತ್ತೇನೆ. ಈ ಗುಡ್ಡಕ್ಕೆ ದಾರಿ ಬರುವ ಮೊದಲೇ ಅಧಿಕಾರ ವಹಿಸಿಕೊಂಡವರು ತಾವು. ವರ್ಗಾವಣೆ ಕೇಳಿದವರಲ್ಲ, ರಜೆ ಹಾಕಿದವರಲ್ಲ, ಊಟದ ಹೊತ್ತೆಂದು ಕುರ್ಚಿ ಬಿಟ್ಟು ಎದ್ದವರಲ್ಲ. ಬಂದವರನ್ನು ನಾಳೆ ಬನ್ನಿ ಎಂದು ಹಿಂದಕ್ಕೆ ಕಳಿಸಿದ ಒಂದು ಉದಾಹರಣೆಯೂ ಇಲ್ಲ. ದೊಡ್ಡವರಿರಲಿ ಚಿಕ್ಕವರಿರಲಿ, ಎಲ್ಲರಿಗೂ ಅಲ್ಲಿಯೇ, ಆ ಕ್ಷಣವೇ, ಮುಟ್ಟಿ ನೋಡಿಕೊಳ್ಳುವಂಥ ಉತ್ತರ ಕೊಟ್ಟಿದ್ದೀರಿ. ಇಂಥವರ ವಿರುದ್ಧ ದೂರು ಬರೆಯಬೇಕಾಗಿ ಬಂದದ್ದಕ್ಕೆ ನನಗೆ ಸಂಕೋಚವಿದೆ. ಆದರೂ ಬರೆಯುತ್ತೇನೆ, ಏಕೆಂದರೆ ನಮ್ಮ ಗಾಡಿಯ ಎಡಗಡೆಯ ಹಿಂದಿನ ಬಾಗಿಲು ಇವತ್ತಿಗೂ ತೆರೆಯುತ್ತಿಲ್ಲ.

ತಮಗೆ ನನ್ನ ಪರಿಚಯ ಚಕ್ರದ ಮೂಲಕ ಮಾತ್ರ ಇದ್ದೀತು. ನಾನು ತಮ್ಮ ಮೇಲ್ಗಡೆ, ಗುಡ್ಡದ ನೆತ್ತಿಯಲ್ಲಿರುವ ನೀರಿನ ಟ್ಯಾಂಕಿನ ಉಸ್ತುವಾರಿ. ಪೇಟೆಯವರು ನಲ್ಲಿ ತಿರುಗಿಸಿದಾಗ ನೀರು ಬಂದರೆ ಅದು ಪ್ರಕೃತಿಯ ಕೊಡುಗೆ, ಬಾರದಿದ್ದರೆ ನನ್ನ ತಪ್ಪು. ಟ್ಯಾಂಕಿನ ಪಕ್ಕದ ಕ್ವಾರ್ಟರ್ಸಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಅವಳ ತಾಯಿ, ಅಂದರೆ ನನ್ನ ಅತ್ತೆ, ವಾಸವಾಗಿದ್ದೇವೆ. ನಮ್ಮ ಗೇಟಿನಿಂದ ಟಾರು ರಸ್ತೆಯವರೆಗೆ ಇರುವುದು ಕಲ್ಲುಹಾದಿ. ಗೇಟು ದಾಟಿದ ಕೂಡಲೇ ಎಡಕ್ಕೆ ತಿರುವು. ತಿರುವಿನ ಬಲಕ್ಕೆ ಆಳವಾದ ಚರಂಡಿ, ಎಡಕ್ಕೆ ತಾವು. ಹಿಂಭಾಗದಲ್ಲಿ ತಾವು ಸೊಂಟದೆತ್ತರ ಇದ್ದೀರಿ, ಮುಂಭಾಗದಲ್ಲಿ ಒಂದು ಪಾದವನ್ನು ಮಾತ್ರ ದಾರಿಗೆ ಚಾಚಿಕೊಂಡಿದ್ದೀರಿ. ಹಿರಿಯರು ಪಾದ ಚಾಚಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ನನ್ನ ಅತ್ತೆಯವರಿಗೆ ಪೇಟೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಇಬ್ಬರೂ ಪ್ರತಿ ಭಾನುವಾರ ಕೂತು ಇಸ್ಪೀಟು ಆಡುತ್ತಾರೆ, ಜಗಳವಾಡುತ್ತಾರೆ, ಮುಂದಿನ ಭಾನುವಾರ ನೋಡಿಕೊಳ್ಳುತ್ತೇನೆ ಎಂದು ಬೆದರಿಸಿ ಬೀಳ್ಕೊಡುತ್ತಾರೆ. ಈಚೆಗೆ ಅಕ್ಕನಿಗೆ ಮರೆವು ಹತ್ತಿದೆ. ಒಲೆ ಆರಿಸಿದ್ದು ನೆನಪಿರುವುದಿಲ್ಲ, ಎದುರುಮನೆಯವರ ಮುಖ ನೆನಪಿರುವುದಿಲ್ಲ. ಎಲೆ ಕದಿಯುವುದೊಂದು ಮಾತ್ರ ಮರೆತಿಲ್ಲವೆಂದು ಅತ್ತೆ ಹೇಳುತ್ತಾರೆ. ವಾರಕ್ಕೊಮ್ಮೆ ಎದುರಿಗೆ ಕೂತರೆ ತಂಗಿ ನೆನಪಿನಲ್ಲಿ ಉಳಿಯುತ್ತಾಳೆ, ತಪ್ಪಿದರೆ ಅವಳೂ ಎದುರುಮನೆಯವರ ಸಾಲಿಗೆ ಸೇರುತ್ತಾಳೆ ಎಂಬುದು ಅತ್ತೆಯವರ ನಂಬಿಕೆ. ಡಾಕ್ಟರರೂ ಅದನ್ನು ಅಲ್ಲಗಳೆದಿಲ್ಲ.

ಮೊದಲು ನಮ್ಮ ಪುಟ್ಟ ಕಾರು ಟಾರು ರಸ್ತೆಯಲ್ಲೇ ನಿಲ್ಲುತ್ತಿತ್ತು, ಅತ್ತೆ ತಮ್ಮನ್ನು ಹಾದು ನಡೆದು ಇಳಿಯುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಅದು ನಿಂತುಹೋಯಿತು. ಮನೆಯ ಬಾಗಿಲಿಗೇ ಬರುವಂಥ ಗಾಡಿ ಬೇಕೆಂದು, ಕಲ್ಲು, ಗುಂಡಿ, ಹಳ್ಳ ಯಾವುದಕ್ಕೂ ಹೆದರದ, ಎತ್ತರವಾದ ಆಫ್‌ರೋಡ್ ಗಾಡಿಯೊಂದನ್ನು ಕೊಂಡೆವು. ಅದು ನಿಜಕ್ಕೂ ಯಾವುದಕ್ಕೂ ಹೆದರಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ತಮ್ಮನ್ನು ಬಳಸಿಹೋದರೆ ಗಾಡಿಯ ನಡು ತಮ್ಮ ಪಾದದ ಮೇಲೆ ಹಾದುಹೋಗುತ್ತಿತ್ತು. ನಡುವೆ ಒಂದು ಗೇಣು ಜಾಗ ಉಳಿಯುತ್ತಿತ್ತು. ಇದನ್ನು ತಮ್ಮ ಪರವಾಗಿ ನಾನೇ ದಾಖಲಿಸುತ್ತೇನೆ: ಅಲ್ಲಿಯವರೆಗೆ ತಾವು ನಮ್ಮ ಗಾಡಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಯಾವುದಕ್ಕೂ ಹೆದರದ ಗಾಡಿಗೆ ಅತ್ತೆ ಹತ್ತಲಾರದೆ ಹೋದರು. ನಾನು ಮತ್ತು ನನ್ನ ಹೆಂಡತಿ ಆಚೀಚೆ ನಿಂತು ಎತ್ತಿ ಕೂರಿಸುತ್ತೇವೆಂದರೆ, "ನಾನೇನು ಸಿಮೆಂಟ್ ಮೂಟೆನಾ? ಕೈ ತೆಗೀರಿ" ಎಂದರು. ಸ್ಟೂಲ್ ತಂದಿಟ್ಟರೆ, ಅದು ಇಳಿಜಾರಿನ ಅಂಗಳದಲ್ಲಿ ತೂಗಾಡುವುದನ್ನು ಒಂದು ಕ್ಷಣ ನೋಡಿ, "ಅಳಿಯಂದ್ರೇ, ನಾನು ಅಕ್ಕನ ಮನೆಗೆ ಹೋಗ್ತಿದೀನೋ, ಬಲ್ಬ್ ಹಾಕೋಕೆ ಹೋಗ್ತಿದೀನೋ?" ಎಂದು ಕೇಳಿ ಒಳಗೆ ಹೋದರು. ಆ ಭಾನುವಾರ ತಪ್ಪಿತು.

ಆಗ ನಾವು ಗಾಡಿಯ ಬಾಗಿಲುಗಳ ಕೆಳಗಿನ ಅಂಚಿನ ಬಗ್ಗೆ ಯೋಚಿಸತೊಡಗಿದೆವು. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಈ ತಗಡಿನ ಅಂಚಿಗೆ ರಾಕರ್ ಪ್ಯಾನೆಲ್ ಎನ್ನುತ್ತಾರೆಂದು ತಿಳಿಸಿದವನು ನನ್ನ ಬಾಮೈದ. ಸ್ವಂತಕ್ಕೆ ಸೈಕಲ್ಲೂ ಇಲ್ಲದ ಅವನು ಆಫ್‌ರೋಡ್ ಗಾಡಿಗಳ ವಿಡಿಯೋಗಳನ್ನು ಎಷ್ಟು ಶ್ರದ್ಧೆಯಿಂದ ನೋಡಿದ್ದಾನೆಂದರೆ, ಮೆಟ್ಟಿಲು ಇಳಿಯುವಾಗಲೂ ಯಾವ ಗೇರಿನಲ್ಲಿ ಇಳಿಯಬೇಕೆಂದು ಒಂದು ಕ್ಷಣ ನಿಲ್ಲುತ್ತಾನೆ. ಅವನ ನೇತೃತ್ವದಲ್ಲಿ ನಾವೆಲ್ಲ ಪೇಟೆಯ ಅಂಗಡಿಗೆ ಹೋದೆವು. ಅಂಗಡಿಯಲ್ಲಿ ಎರಡು ವಸ್ತುಗಳಿದ್ದವು. ಒಂದು ಸ್ಲೈಡರ್: ಗಾಡಿಯ ಅಡಿಚೌಕಟ್ಟಾದ ಚಾಸಿಗೇ ಬೆಸುಗೆ ಹಾಕುವ ದಪ್ಪ ಉಕ್ಕಿನ ಕೊಳವೆ, ಇಡೀ ಗಾಡಿ ಕಲ್ಲಿನ ಮೇಲೆ ಜಾರಿದರೂ ತಡೆದುಕೊಳ್ಳುತ್ತದೆ, ಆದರೆ ಅಂಚಿಗೆ ಅಂಟಿಕೊಂಡು ಎತ್ತರದಲ್ಲಿರುವುದರಿಂದ ಅದರ ಮೇಲೆ ಕಾಲಿಡಲು ಮಂಡಿ ಚೆನ್ನಾಗಿರಬೇಕು, ಮಂಡಿ ಚೆನ್ನಾಗಿದ್ದವರಿಗೆ ಅದು ಬೇಕಾಗಿಲ್ಲ. ಇನ್ನೊಂದು ಕಾಲುಹಲಗೆ: ಕೆಳಗೆ ಇಳಿಬಿದ್ದಿರುತ್ತದೆ, ಮಗುವೂ ಹತ್ತಬಹುದು, ಆದರೆ ಕಲ್ಲು ತಾಗಿದರೆ ಮೊದಲು ಅದು, ಆಮೇಲೆ ಬಾಗಿಲು.

ಬಾಮೈದ ಸ್ಲೈಡರನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು, "ಭಾವಾ, ಇದು ಬಂಡೆಗೆ ಅಂತಾನೇ ಮಾಡಿರೋದು. ನಿಮ್ಮ ದಾರೀಲಿ ಬಂಡೆ ಇದೆಯೋ ಇಲ್ವೋ?" ಎಂದು ಕೇಳಿದ. ನನ್ನ ಹೆಂಡತಿ, "ಬಂಡೆ ಇದೆ ಕಣೋ. ಆದ್ರೆ ಭಾನುವಾರ ದೊಡ್ಡಮ್ಮನ ಮನೆಗೆ ಕರ್ಕೊಂಡು ಹೋಗ್ಬೇಕಾಗಿರೋದು ಬಂಡೇನೋ ಅಮ್ಮನ್ನೋ?" ಎಂದಳು. ನಾನು ಎರಡರ ನಡುವೆ ನಿಂತು ತಲೆಯಾಡಿಸುತ್ತಿದ್ದೆ. ಇಂಥ ತಲೆಯನ್ನು ದೂರದಿಂದಲೇ ಗುರುತಿಸಬಲ್ಲ ಅಂಗಡಿಯವನು ಒಳಗಿನಿಂದ ಮೂರನೆಯದೊಂದನ್ನು ತಂದು, "ಎರಡೂ ಒಂದರಲ್ಲೇ ಇದೆ ಸಾರ್. ಕಾಲಿಗೂ ಆಗುತ್ತೆ, ಕಲ್ಲಿಗೂ ಆಗುತ್ತೆ" ಎಂದ. ಅದು ಕಪ್ಪಗೆ ಹೊಳೆಯುತ್ತಿತ್ತು. ಕಾಲುಹಲಗೆಯಂತೆ ಕೆಳಗೆ ಇಳಿದಿತ್ತು, ಸ್ಲೈಡರಿನಂತೆ ಗಂಭೀರವಾಗಿತ್ತು. ಅಭಿಪ್ರಾಯಭೇದವಿದ್ದ ಮೂವರೂ ಒಮ್ಮೆಗೇ ಒಪ್ಪಿದೆವು. ನಮ್ಮ ಕುಟುಂಬದಲ್ಲಿ ಒಮ್ಮತದಿಂದ ಆದ ತೀರ್ಮಾನ ಅದೊಂದೇ.

ಅದನ್ನು ಚಾಸಿಗಲ್ಲ, ತಾನು ಕಾಪಾಡಬೇಕಾದ ಆ ತೆಳ್ಳನೆಯ ಅಂಚಿಗೇ ಬೋಲ್ಟು ಹಾಕಿ ಕೂರಿಸುತ್ತಾರೆಂಬುದು ಆಮೇಲೆ ಗೊತ್ತಾಯಿತು. ಜೊತೆಗೆ ಕೊಟ್ಟ ಹಾಳೆಯನ್ನು ಓದಿದ್ದು ಇನ್ನೂ ಆಮೇಲೆ. ಅದರಲ್ಲಿ ಎರಡು ಸೂಚನೆಗಳಿದ್ದವು. ಇದರ ಮೇಲೆ ಪೂರ್ಣ ಭಾರ ಹಾಕಿ ನಿಲ್ಲಬಾರದು. ಇದಕ್ಕೆ ಕಲ್ಲು ತಾಗದಂತೆ ಎಚ್ಚರ ವಹಿಸಬೇಕು. ಮಾನ್ಯರೇ, ಕಲ್ಲಿನಿಂದ ಕಾಪಾಡುವ ವಸ್ತುವನ್ನು ಕಲ್ಲಿನಿಂದ ಕಾಪಾಡಿಕೊಳ್ಳಬೇಕೆಂಬ ಈ ತತ್ತ್ವದ ಆಳಕ್ಕೆ ಇಳಿಯಲು ನನ್ನಂಥ ನೀರಿನ ಟ್ಯಾಂಕಿನವನಿಗೆ ಸಾಧ್ಯವಾಗಲಿಲ್ಲ. ತಾವು ಮಾತ್ರ ಅದನ್ನು ಒಂದೇ ಏಟಿಗೆ ಅರ್ಥ ಮಾಡಿಕೊಂಡಿರಿ.

ಮುಂದಿನ ಭಾನುವಾರ ಅತ್ತೆ ಹೊರಗೆ ಹೋಗುವ ಸೀರೆಯುಟ್ಟು, ಇಸ್ಪೀಟು ಕಟ್ಟನ್ನು ಕೈಚೀಲದಲ್ಲಿಟ್ಟುಕೊಂಡು ಬಂದರು. ಹಲಗೆಯ ಮೇಲೆ ಕಾಲಿಟ್ಟರು. ಅದು ಮುಲುಗಿತು. ಅತ್ತೆ, "ಇದಕ್ಕೂ ಮಂಡಿನೋವು" ಎಂದು ಕನಿಕರಪಟ್ಟು ಒಳಗೆ ಕೂತರು. ನಾನು ಗೇಟು ದಾಟಿ ಎಡಕ್ಕೆ ತಿರುಗಿಸಿದೆ. ಗಾಡಿಗೂ ತಮ್ಮ ಪಾದಕ್ಕೂ ನಡುವೆ ಇದ್ದ ಒಂದು ಗೇಣು ಜಾಗವನ್ನು ಈಗ ನಮ್ಮ ರಕ್ಷಣೆ ತುಂಬಿಕೊಂಡಿತ್ತು. ಸದ್ದಾಯಿತು. ಹಲಗೆ ಮೇಲಕ್ಕೆ ಮಡಚಿತು, ಮಡಚುವಾಗ ತನ್ನನ್ನು ಹಿಡಿದಿದ್ದ ಅಂಚನ್ನೂ ಜೊತೆಗೆ ಎಳೆದುಕೊಂಡಿತು, ಅಂಚು ಬಾಗಿಲನ್ನು ಕಚ್ಚಿ ಹಿಡಿಯಿತು. ಹಿಂದಿನಿಂದ ಅತ್ತೆ ಶಾಂತವಾಗಿ, "ಅಳಿಯಂದ್ರೇ, ಯಾರೋ ಬಾಗಿಲು ತಟ್ತಿದಾರೆ" ಎಂದರು. ಅವರನ್ನು ಬಲಗಡೆಗೆ ಸರಿಸಿ, ಇನ್ನೊಂದು ಬಾಗಿಲಿನಿಂದ, ಮೂಟೆಯ ಹಾಗೆಯೇ ಇಳಿಸಬೇಕಾಯಿತು. ಅವರು ಕೈಚೀಲವನ್ನು ಎದೆಗವಚಿಕೊಂಡು ಒಳಗೆ ನಡೆದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕಂಪನಿಗೆ ಫೋನು ಮಾಡಿದೆ. ಬಹಳ ವಿನಯದ ಒಬ್ಬ ಹುಡುಗಿ, "ಕಲ್ಲಿರೋ ಕಡೆ ಯಾಕ್ ಸಾರ್ ಓಡಿಸಿದ್ರಿ?" ಎಂದು ಕೇಳಿದಳು. ಆಫ್‌ರೋಡ್ ಗಾಡಿಯಮ್ಮಾ ಎಂದೆ. "ಅದು ಗಾಡಿ ಸಾರ್. ನಮ್ದು ಆಕ್ಸೆಸರಿ" ಎಂದಳು. ಬಂಡೆ ತೆಗೆಸಿಕೊಡಿ ಎಂದು ರಸ್ತೆಯ ಕಚೇರಿಗೆ ಬರೆದೆ. ಬಂಡೆ ನೀರಿನವರ ಜಾಗದಲ್ಲಿದೆ ಎಂದರು. ನೀರಿನ ಕಚೇರಿಗೆ, ಅಂದರೆ ನನ್ನದೇ ಕಚೇರಿಗೆ, ಬರೆದೆ. ಬಂಡೆಯ ಬೆನ್ನು ನಮ್ಮದಾದರೂ ಚಾಚಿದ ಪಾದ ರಸ್ತೆಯವರದು, ಪಾದ ಬಿಟ್ಟು ಬೆನ್ನನ್ನಷ್ಟೇ ತೆಗೆಯುವ ಕ್ರಮ ನಮ್ಮಲ್ಲಿಲ್ಲ ಎಂದರು. ಆ ದಿನಗಳಲ್ಲೇ ತಮಗೆ ಈ ಪತ್ರ ಬರೆದಿದ್ದರೆ ನನ್ನ ಕೋರಿಕೆಗಳು ಬೇರೆಯೇ ಇರುತ್ತಿದ್ದವು: ತಾವು ಕೃಪೆಮಾಡಿ ಒಂದು ಮೊಳ ಹಿಂದಕ್ಕೆ ಸರಿಯಬೇಕು, ಅದು ಘನತೆಗೆ ಕುಂದೆನಿಸಿದರೆ ಭಾನುವಾರಗಳಂದು ಮಾತ್ರ ಸ್ವಲ್ಪ ಭೂಮಿಗಿಳಿಯಬೇಕು, ಅದೂ ಆಗದಿದ್ದರೆ ಕೊನೆಯಪಕ್ಷ ಪಾದವನ್ನು ಮಡಚಿಕೊಂಡು ಕೂರಬೇಕು.

ಇನ್ನೊಂದು ಭಾನುವಾರವೂ ಹೋಯಿತು. ಸಂಜೆ ಅತ್ತೆ ಅಕ್ಕನಿಗೆ ಫೋನು ಹಚ್ಚಿದರು. ನಾನು ಪಕ್ಕದಲ್ಲೇ ಪೇಪರು ಹಿಡಿದು ಕೂತಿದ್ದೆ. ಆ ಕಡೆಯ ದನಿ ನನಗೂ ಕೇಳಿಸಿತು: "ಯಾರಮ್ಮಾ ನೀವು? ಯಾರು ಬೇಕಾಗಿತ್ತು?" ಅತ್ತೆ ತಮ್ಮ ಹೆಸರು ಹೇಳಿದರು. ಮತ್ತೆ ಹೇಳಿದರು. ಆಮೇಲೆ ಫೋನು ಇಟ್ಟು, ಅದನ್ನು ಸೆರಗಿನಿಂದ ಒರೆಸಿ, ಮೇಜಿನ ಮೇಲೆ ಇಬ್ಬರಿಗೆ ಎಲೆ ಹಂಚಿದರು. ಎದುರು ಕುರ್ಚಿಯ ಎಲೆಗಳನ್ನು ಮಗುಚಿ ನೋಡಲಿಲ್ಲ.

ಈಗ ತಮಗೂ ಗೊತ್ತಿರುವ ಸಂಗತಿಗೆ ಬರುತ್ತೇನೆ. ಮುಂದಿನ ಭಾನುವಾರ ನಾನು ಹಲಗೆಯನ್ನು ಬಿಚ್ಚಿಹಾಕಿ, ಗಾಡಿಯನ್ನು ಗೇಟಿನಾಚೆ, ತಮಗಿಂತ ತುಸು ಹಿಂದೆಯೇ ನಿಲ್ಲಿಸಿ, ಬಗ್ಗಿ ತಮ್ಮ ಪಾದದ ಎತ್ತರವನ್ನೂ ಅಂಚಿನ ಎತ್ತರವನ್ನೂ ಗೇಣು ಹಾಕಿ ನೋಡುತ್ತಿದ್ದೆ. ಬಾಮೈದ ಮೇಲಿನಿಂದ, "ಎಡಕ್ಕೆ ಭಾವಾ, ಎಡಕ್ಕೆ" ಎಂದು ನಿಂತಿರುವ ಗಾಡಿಗೆ ದಾರಿ ತೋರಿಸುತ್ತಿದ್ದ. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದರು, ತಮ್ಮ ಪಾದದ ಮೇಲೆ ಪಾದವಿಟ್ಟರು, ಅಲ್ಲಿಂದ ತಮ್ಮ ಮಂಡಿಯಂಥ ಉಬ್ಬಿನ ಮೇಲೆ, ಅಲ್ಲಿಂದ ಬೆನ್ನಿನ ಸಪಾಟು ಜಾಗಕ್ಕೆ ಹತ್ತಿ ನಿಂತು, "ಏನ್ ಅಳೀತಾ ಇದ್ದೀರಿ? ಗಾಡಿ ಇಲ್ಲಿಗೆ ತನ್ನಿ" ಎಂದರು. ತಂದೆ. ಮುಂದಿನ ಸೀಟು ಅವರ ಕಾಲಿಗೆ ಸಮವಾಗಿ ಬಂದು ನಿಂತಿತು. ಅವರು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಂತೆ, ಯಾರ ಕೈಯನ್ನೂ ಹಿಡಿಯದೆ, ಒಳಗೆ ಹೋಗಿ ಕೂತರು. ತಾವು ಮುಲುಗಲಿಲ್ಲ. ಮಗಳಿಗೆ, "ನೀನು ಹಿಂದೆ ಕೂತ್ಕೋ. ಈ ಬಾಗಿಲು ಬರಲ್ಲ, ಆ ಕಡೆಯಿಂದ ಹತ್ತು" ಎಂದು ಬಲಗಡೆ ತೋರಿಸಿದರು.

ಅಕ್ಕನ ಮನೆಯ ಮುಂದೆ ಎತ್ತರದ ಕಟ್ಟೆಯಿದೆ, ಇಳಿಯಲು ತೊಂದರೆಯಾಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದರು. ಹೆಸರು ಹೇಳಲಿಲ್ಲ. "ಹೋದ ಸಲ ನೀನು ಸೋತಿದ್ದೆ. ಬಾ, ಎಲೆ ಹಂಚು" ಎಂದರು. ಹೋದ ಸಲ ಗೆದ್ದವರು ಅತ್ತೆ. ಅವರು ಅದನ್ನು ತಿದ್ದಲಿಲ್ಲ. ಮರಳಿ ಬರುವಾಗ ತಾವು ಬಲಕ್ಕೆ ಬರುತ್ತೀರಾದ್ದರಿಂದ, ಅತ್ತೆ ನನ್ನ ಹಿಂದಿನ ಸೀಟಿನಲ್ಲಿ ಕೂತು ಬಂದು, ಆ ಬಲಗಡೆಯ ಬಾಗಿಲಿನಿಂದ ತಮ್ಮ ಮೇಲೆಯೇ ಇಳಿದರು.

ಇಷ್ಟಾದ ಮೇಲೆ ದೂರು ಯಾತಕ್ಕೆ ಎಂದು ತಾವು ಕೇಳಬಹುದು. ಮಾನ್ಯರೇ, ನನ್ನ ಅರ್ಜಿಗಳು ಫಲಿಸಿಬಿಟ್ಟಿವೆ. ಬದುಕಿನಲ್ಲಿ ನಾನು ಬರೆದ ಯಾವ ಅರ್ಜಿಗೂ ಕದಲದಿದ್ದ ಎರಡು ಕಚೇರಿಗಳು, ಅದು ಬೇಡವಾದ ಮರುವಾರವೇ ಒಂದಾಗಿ, ಬೆನ್ನು ಮತ್ತು ಪಾದಗಳೆರಡನ್ನೂ ಜಂಟಿಯಾಗಿ ತೆರವುಗೊಳಿಸುವುದೆಂದು ತೀರ್ಮಾನಿಸಿವೆ. ದೂರು ಹಿಂತೆಗೆದುಕೊಳ್ಳುತ್ತೇನೆಂದು ಹೋಗಿ ಕೇಳಿದೆ. ಪರಿಹಾರವಾದ ದೂರನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲವಂತೆ. ಸೋಮವಾರ ಯಂತ್ರ ಬರುತ್ತದೆ. ಆದ್ದರಿಂದ ನನ್ನ ಹಿಂದಿನ ಕೋರಿಕೆಗಳನ್ನೆಲ್ಲ ರದ್ದುಪಡಿಸಿ, ಒಂದೇ ಒಂದು ಹೊಸ ಕೋರಿಕೆಯನ್ನು ತಮ್ಮ ಪಾದದಲ್ಲಿಡುತ್ತಿದ್ದೇನೆ: ಇಷ್ಟು ಕಾಲ ಯಾರ ಮಾತಿಗೂ ಜಗ್ಗದ ತಾವು, ದಯಮಾಡಿ, ಈಗಲೂ ಜಗ್ಗಬೇಡಿ. ಮುಂದಿನ ಭಾನುವಾರ ಆಟವಿದೆ.

ತಮ್ಮ ವಿಶ್ವಾಸಿ,
ನೀರಿನ ಟ್ಯಾಂಕಿನ ಉಸ್ತುವಾರಿ
(ಒಂದು ಬಾಗಿಲು ಕಡಿಮೆಯಿರುವ ಗಾಡಿಯವನು)

ತಾ.ಕ.: ಈ ಪತ್ರವನ್ನು ಮುಗಿಸಿ ಪೇಟೆಗೆ ಹೋದಾಗ, ಸೋಮವಾರ ಬರಲಿರುವ ಯಂತ್ರವನ್ನು ಕಚೇರಿಯ ಅಂಗಳದಲ್ಲಿ ಕಂಡೆ. ತಮ್ಮಂಥವರಿಂದ ಅದಕ್ಕೆ ಅಪಾಯವಾಗದಿರಲೆಂದು ಎರಡೂ ಪಕ್ಕೆಗಳಿಗೆ ಹೊಸದಾಗಿ ರಕ್ಷಣೆ ಹಾಕಿಸಿದ್ದಾರೆ. ಕಪ್ಪಗೆ ಹೊಳೆಯುತ್ತಿತ್ತು. ಅದೇ ಅಂಗಡಿಯದು, ಕಾಲಿಗೂ ಆಗುವುದು, ಕಲ್ಲಿಗೂ ಆಗುವುದು. ಆದ್ದರಿಂದ ತಮ್ಮ ಬಗ್ಗೆ ನನಗೀಗ ಯಾವ ಚಿಂತೆಯೂ ಇಲ್ಲ. ಅತ್ತೆಯವರಿಗೆ ಸೀರೆ ತೆಗೆದಿಡಲು ಹೇಳಿದ್ದೇನೆ.