ಹನ್ನೆರಡು ಕಿಲೋ ಮುಷ್ಟಿ

ಕುರುಗೋಡಿನ ಮೈಲಾರಲಿಂಗಪ್ಪನವರಿಗೆ ಅರವತ್ತಮೂರನೇ ವಯಸ್ಸಿನಲ್ಲಿ ಹುಟ್ಟಿಕೊಂಡ ಮಹಾಶತ್ರುವಿನ ಹೆಸರು ಮುಚ್ಚಳ. ಒಂದು ಕಾಲದಲ್ಲಿ ಗರಡಿಯಲ್ಲಿ ಎಂಥೆಂಥವರಿಗೋ ಮಣ್ಣು ಮುಕ್ಕಿಸಿದ ಈ ಪೈಲ್ವಾನರು, ಅಂದು ಬೆಳಿಗ್ಗೆ ಉಪ್ಪಿನಕಾಯಿ ಬಾಟ್ಲಿಯೊಂದರ ಜೊತೆ ಹತ್ತು ನಿಮಿಷ ಸೆಣಸಿ, ಸೋತು, ಹೆಂಡತಿಗೆ ಹೇಳದೆ ಬಳ್ಳಾರಿ ಬಸ್ಸು ಹತ್ತಿದರು.

ಡಾಕ್ಟರು ಹಿಡಿಕೆಯಿದ್ದ ಯಂತ್ರವೊಂದನ್ನು ಕೈಗಿಟ್ಟು, "ಜೋರಾಗಿ ಹಿಚುಕ್ರಿ" ಎಂದರು. ಮೈಲಾರಲಿಂಗಪ್ಪ ಹನುಮಪ್ಪನನ್ನು ನೆನೆದು, ಹಲ್ಲು ಕಚ್ಚಿ ಹಿಚುಕಿದರು. (ಕಟ್ಟಿಸಿದ ಹಲ್ಲು, ಅದೂ ಅಲ್ಲಾಡಿತು.)

"ಹನ್ನೆರಡು ಕಿಲೋ."

"ಯಂತ್ರ ಕೆಟ್ಟೈತಿ ಬಿಡ್ರಿ."

"ಯಂತ್ರ ಚೊಲೋ ಐತಿ. ನಿಮ್ಮ ಬೆರಳಿನ ಕೀಲು ಸವದಾವು. ಅದಕ್ಕ ಹಿಡಿತ ಕಮ್ಮಿ ಆಗೈತಿ."

ಮನೆ ಬಾಗಿಲಲ್ಲೇ ಹೆಂಡತಿ ಉಚ್ಚಂಗೆಮ್ಮ ತಡೆದರು. "ದವಾಖಾನಿಗೆ ಹೋಗಿದ್ರಂತಲ್ಲ? ಏನಂದ್ರು?"

ನಿಜ ಹೇಳಬಹುದಿತ್ತು. ಆದರೆ ಪಕ್ಕದ ಮನೆಯ ಕಾವೇರಿ ಕಟ್ಟೆಯ ಮೇಲೆ ಮೈಯೆಲ್ಲ ಕಿವಿಯಾಗಿ ಕೂತಿದ್ದಳು.

"ಇಪ್ಪತ್ತೈದರ ಹುಡುಗನ ಮುಷ್ಟಿ ಐತಂತ! ಯಂತ್ರ ಮುರಿಯೋದೊಂದು ಬಾಕಿ!"

ಮರುದಿನವೇ ಕಾವೇರಿ ಬಿಗಿದ ತುಪ್ಪದ ಬಾಟ್ಲಿ ಹಿಡಿದು ಬಂದಳು. ಸಂಜೆಯೊಳಗೆ ಓಣಿಯ ಸಮಸ್ತ ಮುಚ್ಚಳಕುಲವೇ ಅವರ ಕಟ್ಟೆಯೇರಿತು. "ಮುಷ್ಟಿಗೂ ಮುಹೂರ್ತ ಬೇಕು, ಇಟ್ಟು ಹೋಗ್ರಿ" ಎಂದು ಎಲ್ಲರನ್ನೂ ಸಾಗಹಾಕಿದ ಪೈಲ್ವಾನರು, ಬಾಟ್ಲಿಗಳನ್ನು ಚೀಲಕ್ಕೆ ತುಂಬಿ ಹಿತ್ತಿಲ ಬಾಗಿಲಿನಿಂದ ಹುಲಿಗೇಶನ ಪಂಕ್ಚರ್ ಅಂಗಡಿಗೆ ಓಡಿದರು. ಅವನು ಪಾನಾ ಹಾಕಿ ಒಂದೊಂದನ್ನೇ ತಿರುವಿಕೊಟ್ಟ. ತುಪ್ಪಕ್ಕೆ ಗ್ರೀಸಿನ ವಾಸನೆ ಹತ್ತಿತು, ಕೀರ್ತಿಗೆ ಹತ್ತಲಿಲ್ಲ.

ಕೀರ್ತಿ ಸಿರುಗುಪ್ಪ ಮುಟ್ಟಿತು. ಭಾನುವಾರ ಉಚ್ಚಂಗೆಮ್ಮನ ತಂಗಿ ಜೋಗಮ್ಮ ಗೋಂಗೂರ ಚಟ್ನಿಯ ಬಾಟ್ಲಿ ಅಪ್ಪಿಕೊಂಡು ಬಸ್ಸಿಳಿದಳು.

"ಭಾವ, ನಮ್ಮೂರಾಗ ಮೂರು ಮಂದಿ ಸೋತಾರ. ನನ್ನ ಕಣ್ಣ ಮುಂದ ತೆಗೀಬೇಕು."

"ಮುಹೂರ್ತ..."

"ಪಂಚಾಂಗ ನೋಡೇ ಬಂದೀನಿ."

ಓಣಿ ನೆರೆಯಿತು. ಮೈಲಾರಲಿಂಗಪ್ಪ ತೊಡೆ ತಟ್ಟಿ ಮುಚ್ಚಳ ಹಿಡಿದರು. ಮುಚ್ಚಳ ಕದಲಲಿಲ್ಲ, ಅವರೇ ಅರ್ಧ ಸುತ್ತು ತಿರುಗಿದರು. ಹೆಬ್ಬೆರಳ ಬುಡದಲ್ಲಿ ಮಿಂಚು ಹೊಡೆದಂತಾಗಿ, "ಯವ್ವಾ!" ಎಂದು ಕೂಗಿ ಕುಕ್ಕರಿಸಿದರು.

ಉಚ್ಚಂಗೆಮ್ಮ ಬಾಟ್ಲಿಯನ್ನು ಮೊಣಕಾಲ ನಡುವೆ ಅಮುಕಿ, ಮುಚ್ಚಳಕ್ಕೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ, ಅಂಗೈ ಒತ್ತಿ ತಿರುವಿದರು. ಟಪ್!

"ನಂದು ಒಂಬತ್ತೇ ಕಿಲೋ" ಎಂದರು.

"ಏನು?"

"ಮುಷ್ಟಿ. ಅದೇ ಡಾಕ್ಟ್ರು, ಅದೇ ಯಂತ್ರ. ಮೂರು ವರ್ಷ ಆತು. ನಿಮಗ ಹೇಳಿದ್ದೆ, ನೀವು ಪೇಪರ್ ಓದಾಕತ್ತಿದ್ರಿ."

ಮೈಲಾರಲಿಂಗಪ್ಪನವರಿಗೆ ಮೂರು ವರ್ಷದಿಂದ ತಾವು ತಿಂದ ರೊಟ್ಟಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಬೆಚ್ಚನ ಹಿಟ್ಟು ಮೆಲ್ಲಗ ನಾದಿದ್ರ ಕೈಗೆ ಚೊಲೋ ಅಂತ ನನಗ ಹೇಳ್ಯಾರ" ಎಂದರು ಉಚ್ಚಂಗೆಮ್ಮ. "ನಿಮ್ಮ ಕಿಸೇದಾಗಿನ ಡಾಕ್ಟ್ರ ಚೀಟಿ ನೋಡೀನಿ, ನಿಮಗ ನನಗಿಂತ ಮೂರು ಕಿಲೋ ಹೆಚ್ಚೈತಿ. ನಾಳಿಂದ ನೀವೇ ನಾದ್ರಿ."

ಈಗ ದಿನಾ ಬೆಳಿಗ್ಗೆ ಏಳಕ್ಕೆ ಪೈಲ್ವಾನರು ಜೋಳದ ಹಿಟ್ಟಿನೊಡನೆ ಕುಸ್ತಿಗಿಳಿಯುತ್ತಾರೆ.

"ಕೀಲು ನೋಯಾಕತ್ತಾವಲೇ, ಉಚ್ಚಂಗಿ!"

"ಹ್ಞೂಂ, ಹ್ಞೂಂ" ಎನ್ನುತ್ತಾರೆ ಆಕೆ, ಪೇಪರಿನ ಹಾಳೆ ತಿರುವುತ್ತಾ.